ಹೊಗಳಿಕೆ ಮುಚ್ಚಿಟ್ಟದ್ದು

(ಕೋಲಾರದಲ್ಲಿ ಸಿನಿಮಾ ಇಷ್ಟಪಡುವ ಗೆಳೆಯರು ಸೇರಿದ್ದ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ನಡೆದ ಪ್ರಶ್ನೋತ್ತರದ ಸ್ವಲ್ಪ ಭಾಗವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ನಿಮಗೆಲ್ಲ ಗೊತ್ತೇ ಇದೆ. ಯಾವ ಸಿನಿಮಾ, ಯಾವ ಧಾರಾವಾಹಿ ಓವರ್‌ರೇಟೆಡ್? ಯಾವುದಕ್ಕೆ ಸಲ್ಲಬೇಕಾದ್ದಕ್ಕಿಂತ ಜಾಸ್ತಿ ಹೊಗಳಿಕೆ ಸಿಕ್ಕಿದೆ? ಈ ಪ್ರಶ್ನೆ ಎತ್ತಿದ ಕೂಡಲೇ ಜಗಳ ಶುರುವಾಗುತ್ತದೆ. ಒಬ್ಬರು ಹೆಸರು ಹೇಳುತ್ತಾರೆ, ಇನ್ನೊಬ್ಬರಿಗೆ ಕೋಪ ಬರುತ್ತದೆ, ಮೂರನೆಯವರು "ನಿಮಗೆ ಸಿನಿಮಾ ನೋಡೋಕೆ ಬರಲ್ಲ ಬಿಡಿ" ಅಂತಾರೆ. ಅಲ್ಲಿಗೆ ಮಾತು ಮುಗಿಯಿತು.

ನಮ್ಮ ಕಡೆ ಈ ಜಗಳ ಇನ್ನೂ ಬಿಸಿ. ನಾವು ಗಡಿಯ ಜನ. ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ, ಬಾಗೇಪಲ್ಲಿಯ ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಚಿನ್ನದ ಗಣಿಯ ಊರಾದ ಕೆಜಿಎಫ್‌ನಲ್ಲಿ, ಕಾರ್ಮಿಕರ ಲೈನು ಮನೆಗಳಲ್ಲಿ ತಮಿಳು. ಒಂದೇ ಬೆಂಚಿನಲ್ಲಿ ಕೂರುವ ಮೂವರು ಗೆಳೆಯರಿಗೆ ಮೂರು ಭಾಷೆಯ ಮೂವರು ಹೀರೋಗಳು. ಹಾಗಾಗಿ ಒಂದು ಸಿನಿಮಾ ಓವರ್‌ರೇಟೆಡ್ ಅಂದರೆ ಅದು ಬರೀ ಸಿನಿಮಾದ ಮಾತಾಗಿ ಉಳಿಯುವುದಿಲ್ಲ. ಕೇಳಿದವರಿಗೆ ತಮ್ಮ ಭಾಷೆಗೆ, ತಮ್ಮ ಊರಿಗೆ, ಕೆಲವೊಮ್ಮೆ ತಮ್ಮ ಜಾತಿಗೇ ಅಂದಂತೆ ಕೇಳಿಸುತ್ತದೆ.

ಅದಕ್ಕೇ ನಾನು ಇವತ್ತು ಪ್ರಶ್ನೆಯನ್ನು ಸ್ವಲ್ಪ ಬದಲಿಸಿಕೊಂಡಿದ್ದೇನೆ. ಸಿನಿಮಾ ಚೆನ್ನಾಗಿದೆಯಾ ಇಲ್ಲವಾ ಅಂತ ಕೇಳುವುದಿಲ್ಲ. ಇದನ್ನು ಹೊಗಳುವ ಭರದಲ್ಲಿ ನಾವು ಯಾವ ಮಾತನ್ನು ಆಡದೇ ಬಿಟ್ಟೆವು ಅಂತ ಕೇಳುತ್ತೇನೆ. ಹೊಗಳಿಕೆ ಯಾವುದನ್ನು ಮುಚ್ಚಿತು? ಹೆಚ್ಚು ಮುಚ್ಚಿದಷ್ಟೂ ಆ ಹೊಗಳಿಕೆ ಅತಿಯಾಯಿತು ಅಂತ ನನ್ನ ಲೆಕ್ಕ. ಒಳ್ಳೆಯ ಸಿನಿಮಾಗೂ ಹೀಗೆ ಆಗಬಹುದು. ಬಹಳ ಸಲ ಆಗುವುದು ಒಳ್ಳೆಯ ಸಿನಿಮಾಗಳಿಗೇ.

ಮೊದಲು ನಮ್ಮ ಮನೆ ಬಾಗಿಲಿಗೇ ಬರೋಣ. ಇಲ್ಲಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದ ಊರಿನ ಹೆಸರಿಟ್ಟುಕೊಂಡು ಬಂದ ಸಿನಿಮಾ 'ಕೆಜಿಎಫ್'. ಮೊದಲ ಭಾಗ 2018ರ ಡಿಸೆಂಬರ್ 21ಕ್ಕೆ ಬಂತು, ಎರಡನೆಯದು 2022ರ ಏಪ್ರಿಲ್ 14ಕ್ಕೆ. ಅದರಲ್ಲಿ ಹೊಗಳಲೇಬೇಕಾದ್ದು ತುಂಬಾ ಇದೆ. ಭುವನ್ ಗೌಡ ಅವರ ಕ್ಯಾಮೆರಾ ಮಸಿ, ಧೂಳು, ಬೆಂಕಿ ಇಷ್ಟರಲ್ಲೇ ಒಂದು ಲೋಕ ಕಟ್ಟಿತು. ರವಿ ಬಸ್ರೂರು ಅವರ ಸಂಗೀತ ಎದೆಗೆ ಬಡಿಯುತ್ತದೆ. ಕಲಾ ನಿರ್ದೇಶಕ ಶಿವಕುಮಾರ್ ಕಟ್ಟಿದ ಗಣಿಯನ್ನು ನೋಡಿ ಹೊರಗಿನವರು ನಿಜವೆಂದೇ ನಂಬಿದರು. ಮೊದಲ ಭಾಗಕ್ಕೆ ಸಾಹಸಕ್ಕೂ ಸ್ಪೆಷಲ್ ಎಫೆಕ್ಟ್ಸ್‌ಗೂ ರಾಷ್ಟ್ರಪ್ರಶಸ್ತಿ ಬಂದವು. ಅವು ಸಲ್ಲಬೇಕಾದ ಪ್ರಶಸ್ತಿಗಳೇ. ಪ್ರಶಾಂತ್ ನೀಲ್ ಅವರಿಗೆ ಒಂದು ದೃಶ್ಯವನ್ನು ಎಲ್ಲಿ ಕತ್ತರಿಸಿದರೆ ಜನ ಎದ್ದು ನಿಲ್ಲುತ್ತಾರೆ ಅಂತ ಚೆನ್ನಾಗಿ ಗೊತ್ತು. ಕನ್ನಡದ ಒಂದು ಸಿನಿಮಾವನ್ನು ದೇಶವೆಲ್ಲ ಒಂದೇ ದಿನ ಕಾಯುವಂತೆ ಮಾಡಿದ್ದು ಸಣ್ಣ ಕೆಲಸವಲ್ಲ.

ಈಗ ಮುಚ್ಚಿಹೋದದ್ದರ ಕಡೆ ಬರುತ್ತೇನೆ. ಸಿನಿಮಾದಲ್ಲಿ ನರಾಚಿ ಅನ್ನುವ ಜಾಗದಲ್ಲಿ 1951ರಲ್ಲಿ ಚಿನ್ನ ಸಿಗುತ್ತದೆ. ಅಲ್ಲಿನ ಜನ ಗುಲಾಮರು. ಅವರಿಗೆ ಮಾತಿಲ್ಲ, ಓದಿಲ್ಲ, ಸಂಘವಿಲ್ಲ. ಮುಂಬೈಯಿಂದ ಒಬ್ಬ ಗಂಡಸು ಬಂದು ಸುತ್ತಿಗೆ ಎತ್ತುವವರೆಗೆ ಅವರು ಕಾಯುತ್ತಾರೆ.

ನಿಜವಾದ ಗಣಿಯ ಕಥೆ ಕೇಳಿ. 1880ರ ಹೊತ್ತಿಗೆ ಜಾನ್ ಟೇಲರ್ ಅನ್ನುವ ಬ್ರಿಟಿಷ್ ಗಣಿ ಕಂಪನಿ ಇಲ್ಲಿ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದಿಂದ ಈ ಗಣಿಗೆ ಕರೆಂಟು ಬಂತು. ಅಂದರೆ ಬೆಂಗಳೂರಿಗಿಂತ ಮೊದಲೇ. ಸಿನಿಮಾದ ಕಥೆ ಶುರುವಾಗುವ 1951ರ ಹೊತ್ತಿಗೆ ಇಲ್ಲಿ ಮೂರು ತಲೆಮಾರು ಭೂಮಿಯೊಳಗೆ ಇಳಿದು ಹತ್ತಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ ಹೋಯಿತು. ಅಷ್ಟು ಕೆಳಗೆ ಬಂಡೆಯೇ ಕಾದಿರುತ್ತದೆ. ಒತ್ತಡಕ್ಕೆ ಬಂಡೆ ಸಿಡಿದು ಜನ ಸಾಯುತ್ತಿದ್ದರು. ಕಲ್ಲಿನ ಧೂಳು ಎದೆಯಲ್ಲಿ ಕೂತು ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಬರುತ್ತಿತ್ತು. ಇಳಿಯುತ್ತಿದ್ದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ದಲಿತರು. ತಮಿಳು, ತೆಲುಗು ಮಾತಾಡುವವರು.

ಅವರು ಯಾರಿಗೂ ಕಾಯುತ್ತಾ ಕೂರಲಿಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲೇ ತಮಿಳಿನ ದಲಿತ ಚಿಂತಕ ಅಯೋತಿದಾಸ ಪಂಡಿತರ ಬೌದ್ಧ ಚಳವಳಿ ಕೆಜಿಎಫ್‌ನ ಮಾರಿಕುಪ್ಪಂನಲ್ಲಿ ಬೇರೂರಿತ್ತು. ಗಣಿಯಲ್ಲಿ ದುಡಿಯುವ ಜನ ಪತ್ರಿಕೆ ಓದುತ್ತಿದ್ದರು, ಪುಸ್ತಕ ಅಚ್ಚು ಹಾಕಿಸುತ್ತಿದ್ದರು, ಜಾತಿಯ ಬಗ್ಗೆ ವಾದ ಮಾಡುತ್ತಿದ್ದರು. 1930ರಲ್ಲಿ ಕಂಪನಿ ಕಾರ್ಮಿಕರ ಬೆರಳಚ್ಚು ತೆಗೆದುಕೊಳ್ಳಲು ಹೊರಟಾಗ ಕಳ್ಳರಂತೆ ನಮ್ಮ ಬೆರಳು ಒತ್ತುವುದಿಲ್ಲ ಅಂತ ದೊಡ್ಡ ಮುಷ್ಕರವನ್ನೇ ಹೂಡಿದರು. ಆಮೇಲೆ ಸಂಘಗಳು ಬಂದವು, ಹೋರಾಟಗಳು ಬಂದವು. ಸಿನಿಮಾದಲ್ಲಿ ಇದರ ಒಂದು ಎಳೆಯೂ ಇಲ್ಲ.

"ಅದು ಕಾಲ್ಪನಿಕ ಕಥೆ ಅಂತ ಅವರೇ ಹೇಳಿದ್ದಾರಲ್ಲ ಸರ್?" ಅಂತ ನೀವು ಕೇಳಬಹುದು. ಹೌದು, ಹೇಳಿದ್ದಾರೆ. ಅದಕ್ಕಿಂತ ಜಾಣತನದ ಕೆಲಸವನ್ನೂ ಮಾಡಿದ್ದಾರೆ. ಇಡೀ ಕಥೆಯನ್ನು ಒಬ್ಬ ಹಳೆಯ ಪತ್ರಕರ್ತನ ಬಾಯಲ್ಲಿ ಹೇಳಿಸಿದ್ದಾರೆ. ಮೊದಲ ಭಾಗದಲ್ಲಿ ಅನಂತ್ ನಾಗ್ ಮಾಡಿದ ಪಾತ್ರ ಅದು. ಇದು ಒಬ್ಬರು ಹೇಳಿದ ಕಥೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು ಅನ್ನುವ ಧಾಟಿ. ಹಾಗಾಗಿ ಸಿನಿಮಾದ ಮೇಲೆ ನನಗೆ ಕೋಪವಿಲ್ಲ. ನನ್ನ ತಕರಾರು ಹೊಗಳಿಕೆಯ ಮೇಲೆ. "ಕೋಲಾರದ ಚಿನ್ನದ ಗಣಿಯ ರೋಚಕ ಇತಿಹಾಸ ತೆರೆಯ ಮೇಲೆ" ಅನ್ನುವ ಧಾಟಿಯ ಮಾತು ಎಷ್ಟು ಸಲ ಕಿವಿಗೆ ಬಿತ್ತು, ನೆನಪು ಮಾಡಿಕೊಳ್ಳಿ. ಇತಿಹಾಸ ಅಂತ ಹೊಗಳಿದ ಕೂಡಲೇ ನಿಜವಾದ ಇತಿಹಾಸ ಕೇಳುವವರು ಇಲ್ಲವಾದರು.

2001ರ ಫೆಬ್ರವರಿ 28ಕ್ಕೆ, ಗಣಿ ನಡೆಸುತ್ತಿದ್ದ ಸರ್ಕಾರಿ ಕಂಪನಿ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಸಾವಿರಾರು ಮನೆಗಳ ಒಲೆ ಅದನ್ನೇ ನಂಬಿತ್ತು. ಅವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಬೆಳಗಿನ ಜಾವ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಸಿನಿಮಾದ ಸೆಟ್ಟು ಹಾಕಿದ ಆ ಸೈನೈಡ್ ದಿಬ್ಬಗಳಿವೆಯಲ್ಲ, ಅವು ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣು. ಗಾಳಿ ಎದ್ದರೆ ಆ ಪುಡಿ ಮನೆಗಳಿಗೆ ಬರುತ್ತದೆ. ತೆರೆಯ ಮೇಲೆ ಅದು ಬಹಳ ಚೆಂದ ಕಾಣಿಸಿತು. ಕಾಣಿಸಲಿ. ಆದರೆ ಆ ಧೂಳು ಯಾರ ಮನೆಗೆ ಬೀಳುತ್ತಿದೆ ಅಂತ ಸಿನಿಮಾ ಬಗ್ಗೆ ಬರೆದವರಲ್ಲಿ ಎಷ್ಟು ಜನ ಕೇಳಿದರು?

ಇದೇ ಊರಿನ ಮೇಲೆ 2024ರಲ್ಲಿ ತಮಿಳಿನಲ್ಲಿ ಪಾ. ರಂಜಿತ್ 'ತಂಗಲಾನ್' ತೆಗೆದರು. ಅದು ಅಚ್ಚುಕಟ್ಟಾದ ಸಿನಿಮಾ ಅಂತ ನಾನು ಹೇಳುವುದಿಲ್ಲ. ಅರ್ಧದ ಮೇಲೆ ದಾರಿ ತಪ್ಪುತ್ತದೆ. ಆದರೂ ಅಗೆದವರು ಯಾರು, ನೆಲ ಯಾರದು ಅನ್ನುವ ಪ್ರಶ್ನೆ ಅದರಲ್ಲಿ ಇದೆ. ಎರಡನ್ನೂ ಒಂದರ ಹಿಂದೆ ಒಂದು ನೋಡಿ. ಒಂದು ಚೆನ್ನಾಗಿ ಕಟ್ಟಿದೆ, ಇನ್ನೊಂದು ಚೆನ್ನಾಗಿ ಕೇಳಿದೆ ಅಂತ ನನಗೆ ಅನ್ನಿಸಿತು.

ತೆಲುಗು ಪ್ರೀತಿಸುವ ಗೆಳೆಯರು ಇಷ್ಟು ಹೊತ್ತು ಖುಷಿಯಾಗಿ ತಲೆ ಆಡಿಸುತ್ತಿದ್ದೀರಿ. ನಿಮ್ಮ 'ಆರ್‌ಆರ್‌ಆರ್' ಕಡೆಗೂ ಬರುತ್ತೇನೆ. ಅದರ ಇಬ್ಬರು ನಾಯಕರಿಗೆ ಇಟ್ಟಿರುವುದು ನಿಜವಾದ ಇಬ್ಬರು ಹೋರಾಟಗಾರರ ಹೆಸರು. ಅಲ್ಲೂರಿ ಸೀತಾರಾಮರಾಜು 1924ರಲ್ಲಿ ಸತ್ತರು, ಕೊಮರಂ ಭೀಮ್ 1940ರಲ್ಲಿ. ಇಬ್ಬರೂ ಕಾಡಿನ ಜನರ ಜೊತೆ ನಿಂತು ಹೋರಾಡಿದವರು. ಭೀಮ್ ಗೊಂಡ ಬುಡಕಟ್ಟಿನವರು. ಅವರ ಹೋರಾಟ ನಿಜಾಮನ ಆಡಳಿತದ ವಿರುದ್ಧ, ನೀರು ಕಾಡು ನೆಲಕ್ಕಾಗಿ. ಸಿನಿಮಾ ಇಬ್ಬರನ್ನೂ ದೆಹಲಿಗೆ ಕರೆದುಕೊಂಡು ಹೋಗಿ ಬ್ರಿಟಿಷರ ಎದುರು ನಿಲ್ಲಿಸಿತು. ಕಾಡಿನ ಪ್ರಶ್ನೆ ಎಲ್ಲಿ ಹೋಯಿತು? ಹಾಡಿಗೆ 2023ರಲ್ಲಿ ಆಸ್ಕರ್ ಬಂತು, ಕುಣಿತ ಲೋಕಕ್ಕೆಲ್ಲ ಹಬ್ಬಿತು, ಸಂತೋಷ. ಆದರೆ ಭೀಮ್ ಯಾರ ವಿರುದ್ಧ ಹೋರಾಡಿದರು ಅಂತ ಈಗ ಹುಡುಗರನ್ನು ಕೇಳಿದರೆ ಸಿನಿಮಾದ ಉತ್ತರವೇ ಬರುತ್ತದೆ.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ಇಂಥ ಮಾತನ್ನು ಬಳಸಿಕೊಂಡು ಕೆಲವರು ಅದ್ದೂರಿ ಸಿನಿಮಾಗಳನ್ನೇ ಕೀಳಾಗಿ ನೋಡುತ್ತಾರೆ. "ಮಾಸ್ ಸಿನಿಮಾ ಬಿಡಿ, ಬರೀ ಗದ್ದಲ" ಅಂತ. ನಾನು ಆ ಗುಂಪಿನವನಲ್ಲ. ಅದ್ದೂರಿತನ ನಮಗೆ ಪಕ್ಕದ ರಾಜ್ಯದಿಂದ ಬಂದದ್ದೂ ಅಲ್ಲ. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ನೆನಪು ಮಾಡಿಕೊಳ್ಳಿ. ಗುಬ್ಬಿ ವೀರಣ್ಣನವರು 1934ರಲ್ಲಿ 'ಕುರುಕ್ಷೇತ್ರ' ಆಡಿಸಿದಾಗ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದರು. ಜನ ಗಾಡಿ ಕಟ್ಟಿಕೊಂಡು ಬಂದು ನೋಡಿದರು. ರಾಜ್‌ಕುಮಾರ್ ಹೀರೋ ಆದ ಮೊದಲ ಸಿನಿಮಾ, 1954ರ 'ಬೇಡರ ಕಣ್ಣಪ್ಪ', ಅದೇ ವೀರಣ್ಣನವರ ನಿರ್ಮಾಣ. ತಿಪಟೂರಿನ ನರಸಿಂಹರಾಜು ಅವರೂ ಅದೇ ಸಿನಿಮಾದಿಂದ ಮನೆಮಾತಾದರು. ದೊಡ್ಡದನ್ನು ನೋಡಿ ಬಾಯಿ ಬಿಡುವ ಆಸೆ ನಮ್ಮ ಅಜ್ಜಂದಿರಿಗೂ ಇತ್ತು. ಅದರಲ್ಲಿ ತಪ್ಪೇನೂ ಇಲ್ಲ.

ಹಳೆಯದೆಲ್ಲ ಚಿನ್ನ ಅನ್ನುವವರೂ ಇದ್ದಾರೆ. ಅವರಿಗಾಗಿ 'ಬಂಗಾರದ ಮನುಷ್ಯ' ತೆಗೆದುಕೊಳ್ಳೋಣ. 1972ರ ಸಿನಿಮಾ. ಟಿ.ಕೆ. ರಾಮರಾವ್ ಅವರ ಕಾದಂಬರಿ, ಸಿದ್ದಲಿಂಗಯ್ಯ ಅವರ ನಿರ್ದೇಶನ. ಸಿದ್ದಲಿಂಗಯ್ಯನವರು ಶಿರಾ ತಾಲ್ಲೂಕಿನ ತರೂರಿನವರು. ಮಳೆಗೆ ಮುಖ ಎತ್ತಿ ಕಾಯುವ ಸೀಮೆ ಅದು, ನಮ್ಮ ಹಾಗೆಯೇ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದನ್ನು ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ವಾಪಸ್ಸು ಹೋಗಿ ಬೇಸಾಯ ಮಾಡಿದವರಿದ್ದಾರೆ ಅನ್ನುವ ಮಾತು ನಿಮಗೆಲ್ಲ ಗೊತ್ತು. ಐವತ್ತು ವರ್ಷದಿಂದ ಆ ಸಿನಿಮಾ ಬಗ್ಗೆ ಇದೊಂದೇ ಮಾತು ಸುತ್ತುತ್ತಿದೆ.

ಆ ಹೊಗಳಿಕೆ ಏನನ್ನು ಮುಚ್ಚಿತು ಗೊತ್ತಾ? ಸಿನಿಮಾದ ದ್ವಿತೀಯಾರ್ಧವನ್ನೇ ಮುಚ್ಚಿತು. ನಾಯಕ ರಾಜೀವ ಬಂಜರು ನೆಲ ಹಸನು ಮಾಡಿದ್ದು ಎಲ್ಲರಿಗೂ ನೆನಪಿದೆ. ಆಮೇಲೆ? ಹೆಂಡತಿ ಸಾಯುತ್ತಾಳೆ. ತಾನೇ ಸಾಕಿ ಓದಿಸಿದ ಅಕ್ಕನ ಮಗ ಅನುಮಾನ ಪಡುತ್ತಾನೆ, ಆಸ್ತಿಯ ಮಾತು ಎತ್ತುತ್ತಾನೆ. ಊಟದ ಎಲೆಯ ಮುಂದಿನಿಂದ ಎದ್ದು ರಾಜೀವ ಮನೆ ಬಿಟ್ಟು ಹೋಗುತ್ತಾನೆ. ವಾಪಸ್ಸು ಬರುವುದಿಲ್ಲ. ದುಡಿದವನಿಗೆ ಅವನು ಹಸನು ಮಾಡಿದ ನೆಲದಲ್ಲೇ ಜಾಗವಿಲ್ಲ. ಇಷ್ಟು ಕಹಿಯಾದ ಸಿನಿಮಾವನ್ನು ನಾವು ಹಳ್ಳಿಗೆ ಹೋಗಿ ಸುಖವಾಗಿರಿ ಅನ್ನುವ ಸಿನಿಮಾ ಅಂತ ನೆನಪಿಟ್ಟುಕೊಂಡಿದ್ದೇವೆ. ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿ, ಅದಕ್ಕೂ ಆಳ ಬೋರು ಕೊರೆಸಿ ಸಾಲಕ್ಕೆ ಬಿದ್ದ ರೈತನಿಗೆ, ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೆರೆಗೆ ಬಿಡುವುದನ್ನು ಕಾಯುವವನಿಗೆ, ಆ ಕಹಿ ಅರ್ಧವೇ ಹೆಚ್ಚು ಹತ್ತಿರ. ಹಾಗಾಗಿ ಇದು ಓವರ್‌ರೇಟೆಡ್ ಸಿನಿಮಾ ಅಂತ ನಾನು ಒಪ್ಪುವುದಿಲ್ಲ. ನಾವು ಅರ್ಧ ಮಾತ್ರ ನೋಡಿ ಪೂರ್ತಿ ಹೊಗಳಿದ ಸಿನಿಮಾ ಇದು. ಮತ್ತೆ ನೋಡಿ, ಪೂರ್ತಿ ನೋಡಿ.

'ಮುಂಗಾರು ಮಳೆ' ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. 2006ರ ಕೊನೆಗೆ ಬಂತು, ಹಾಡುಗಳು ಇವತ್ತಿಗೂ ಹೊಸದಾಗಿವೆ. ಆದರೆ ಮಲ್ಟಿಪ್ಲೆಕ್ಸ್‌ನಲ್ಲಿ ವರ್ಷ ಓಡಿತು ಅನ್ನುವ ಹೊಗಳಿಕೆ ಹಿಡಿದುಕೊಂಡು, ಆಮೇಲೆ ಎಷ್ಟು ವರ್ಷ ಮಳೆ, ಸೋತ ಪ್ರೇಮಿ, ಹುಸಿ ತತ್ವದ ಮಾತು ಇವುಗಳನ್ನೇ ಸಹಿಸಿಕೊಂಡೆವು!

'ಕಾಂತಾರ'. 2022. ಕೊನೆಯ ಇಪ್ಪತ್ತು ನಿಮಿಷ ರಿಷಬ್ ಶೆಟ್ಟಿ ಮಾಡಿದ್ದಕ್ಕೆ ರಾಷ್ಟ್ರಪ್ರಶಸ್ತಿ ಸಿಕ್ಕಿದ್ದು ಸರಿಯಾಗಿದೆ. ಕೂತ ಜಾಗದಲ್ಲೇ ಮೈ ಜುಮ್ಮೆಂದಿತು. ಆದರೆ ಆ ಇಪ್ಪತ್ತು ನಿಮಿಷದ ಹೊಗಳಿಕೆ ಅದಕ್ಕಿಂತ ಮುಂಚಿನದ್ದನ್ನೆಲ್ಲ ಮುಚ್ಚಿಬಿಟ್ಟಿತು. ನಾಯಕ ಹುಡುಗಿಯ ಸೊಂಟ ಚಿವುಟುತ್ತಾನೆ, ಅದು ಪ್ರೀತಿ ಅಂತ ತೋರಿಸಿದ್ದಾರೆ. ಆ ಹುಡುಗಿ ಫಾರೆಸ್ಟ್ ಗಾರ್ಡ್. ಒಂದು ಕಡೆ ತನ್ನ ಊರು, ಇನ್ನೊಂದು ಕಡೆ ತಾನು ಹಾಕಿರುವ ಯೂನಿಫಾರ್ಮು. ಕಾಡಿನ ಹಕ್ಕಿನ ಕಥೆಯಲ್ಲಿ ಅವಳಿಗಿಂತ ಕಷ್ಟದ ಜಾಗದಲ್ಲಿ ಯಾರೂ ಇಲ್ಲ. ಅವಳ ಕಥೆ ಸಿನಿಮಾಗೆ ಬೇಕಾಗಲೇ ಇಲ್ಲ. ಈ ಮಾತು ಎತ್ತಿದವರಿಗೆ "ದೈವದ ಸಿನಿಮಾ ಬಗ್ಗೆ ಹಾಗನ್ನಬಾರದು" ಅಂದರು. ದೈವಕ್ಕೂ ಸೊಂಟ ಚಿವುಟುವುದಕ್ಕೂ ಏನು ಸಂಬಂಧ?

ಈಗ ಅಂಕಿಗಳ ವಿಷಯ. ಇತ್ತೀಚೆಗೆ ನಾವು ಸಿನಿಮಾದ ಬಗ್ಗೆ ಮಾತಾಡುವುದನ್ನೇ ಬಿಟ್ಟು ಕೋಟಿಗಳ ಬಗ್ಗೆ ಮಾತಾಡುತ್ತೇವೆ. ಎಷ್ಟು ನೂರು ಕೋಟಿ, ಎಷ್ಟು ದಿನದಲ್ಲಿ? ಮುಂಚೆ ಒಂದು ಸಿನಿಮಾದ ಪ್ರಿಂಟುಗಳೇ ಕಡಿಮೆ. ಜಿಲ್ಲಾ ಕೇಂದ್ರದಲ್ಲಿ ಓಡಿ, ಆಮೇಲೆ ತಾಲ್ಲೂಕಿಗೆ ಬಂದು, ಕೊನೆಗೆ ಟೂರಿಂಗ್ ಟಾಕೀಸಿಗೆ ಬರುತ್ತಿತ್ತು. ಅದಕ್ಕೇ ನೂರು ದಿನ, ಇಪ್ಪತ್ತೈದು ವಾರ ಅನ್ನುವ ಲೆಕ್ಕ. ಈಗ ಒಂದೇ ದಿನ ಸಾವಿರಾರು ಪರದೆಗಳ ಮೇಲೆ ಬರುತ್ತದೆ. ಮೂರು ದಿನದಲ್ಲಿ ಗಳಿಕೆಯ ದೊಡ್ಡ ಪಾಲು ಮುಗಿದಿರುತ್ತದೆ. ಆ ಮೂರು ದಿನಕ್ಕೆ ಬರುವವರು ಟ್ರೇಲರ್ ನೋಡಿ ಬಂದವರು. ಸಿನಿಮಾ ಹೇಗಿದೆ ಅಂತ ಅವರಿಗಿನ್ನೂ ಗೊತ್ತಿರುವುದಿಲ್ಲ. ಅಂದರೆ ಆ ಅಂಕಿ ಸಿನಿಮಾದ ಗುಣವನ್ನು ಹೇಳುವುದಿಲ್ಲ, ಪ್ರಚಾರದ ಗುಣವನ್ನು ಹೇಳುತ್ತದೆ. ನಮ್ಮ ದೇಶದಲ್ಲಿ ಆ ಅಂಕಿಯನ್ನು ಎಲ್ಲರ ಮುಂದೆ ಲೆಕ್ಕ ತಪಾಸಣೆ ಮಾಡಿ ಕೊಡುವ ವ್ಯವಸ್ಥೆಯೂ ಇಲ್ಲ. ಹೇಳಿದವರು ಹೇಳಿದ್ದೇ ಲೆಕ್ಕ.

ಟಿವಿಯಲ್ಲಿ ಇದೇ ಕೆಲಸವನ್ನು ಟಿಆರ್‌ಪಿ ಮಾಡುತ್ತದೆ. ಬಾರ್ಕ್ ಸಂಸ್ಥೆ ದೇಶದ ಐವತ್ತು ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಒಂದು ಮೀಟರ್ ಇಟ್ಟಿದೆ. ಚಾನೆಲ್‌ನ ಶಬ್ದದಲ್ಲಿ ನಮ್ಮ ಕಿವಿಗೆ ಕೇಳದ ಒಂದು ಗುರುತು ಇರುತ್ತದೆ. ಮೀಟರ್ ಅದನ್ನು ಹಿಡಿದು ಯಾವ ಚಾನೆಲ್ ಎಷ್ಟು ಹೊತ್ತು ಓಡಿತು ಅಂತ ಬರೆದುಕೊಳ್ಳುತ್ತದೆ. ಟಿವಿ ಓಡುತ್ತಿತ್ತು, ಮನೆಯವರು ರಿಮೋಟಿನ ಗುಂಡಿ ಒತ್ತಿದ್ದರೆ ಯಾರು ಎದುರಿಗಿದ್ದರು ಅನ್ನುವುದಷ್ಟೇ ಅದಕ್ಕೆ ಗೊತ್ತು. ನೋಡುತ್ತಿದ್ದ ಹೆಂಗಸಿಗೆ ಇಷ್ಟವಾಯಿತೋ, ಬೇಜಾರಾಯಿತೋ, ಸೊಪ್ಪು ಬಿಡಿಸುತ್ತಾ ಸುಮ್ನೆ ಕೇಳಿಸಿಕೊಳ್ಳುತ್ತಿದ್ದಳೋ ಅದಕ್ಕೆ ಗೊತ್ತಾಗುವುದಿಲ್ಲ. ಆದರೂ ಗುರುವಾರ ಬಂದ ಆ ಅಂಕಿಯೇ ಮುಂದಿನ ಕಥೆ ಬರೆಯುತ್ತದೆ. ಅತ್ತೆ ಕೆಟ್ಟವಳಾದ ವಾರ ಅಂಕಿ ಏರಿದರೆ ಅತ್ತೆ ಇನ್ನೂ ಕೆಟ್ಟವಳಾಗಬೇಕು.

ನಮ್ಮ ಧಾರಾವಾಹಿಗಳು ಮೊದಲು ಹೀಗಿರಲಿಲ್ಲ ಅನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ಗೌರಿಬಿದನೂರು ಕಡೆಯ ಟಿ.ಎನ್. ಸೀತಾರಾಮ್ ಅವರ 'ಮಾಯಾಮೃಗ' ಚಂದನದಲ್ಲಿ ಬಂದಾಗ ಮಧ್ಯಮ ವರ್ಗದ ಮನೆಯ ಹಣದ ಚಿಂತೆ, ಕೆಲಸದ ಚಿಂತೆ, ಕೋರ್ಟಿನ ವಾದ ಎಲ್ಲವೂ ಕಥೆಯೇ ಆಗಿತ್ತು. ಗಂಡಸರೂ ಕೂತು ನೋಡಿದರು. ಅದಕ್ಕೂ ಹಿಂದೆ, ಎಂಬತ್ತರ ದಶಕದಲ್ಲಿ, ಶಂಕರ್ ನಾಗ್ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ತೆಗೆದರು. ಬಹಳ ಸಲ ಒಂದು ಕಂತಿನಲ್ಲೇ ಒಂದು ಕಥೆ ಮುಗಿಯುತ್ತಿತ್ತು. ಮುಗಿಸುವ ಧೈರ್ಯ ಇತ್ತು.

ಈಗಿನ ಧಾರಾವಾಹಿಗಳಿಗೆ ಸಿಗುವ ದೊಡ್ಡ ಹೊಗಳಿಕೆ 'ಮಹಿಳಾ ಪ್ರಧಾನ' ಅನ್ನುವುದು. ಇಡೀ ಟಿವಿಯಲ್ಲಿ ಇದರಷ್ಟು ಅತಿಯಾದ ಹೊಗಳಿಕೆ ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ. ಪ್ರತಿ ಕಂತಿನಲ್ಲೂ ಹೆಂಗಸೇ ನಡುವೆ ಇದ್ದಾಳೆ, ನಿಜ. ಆದರೆ ಅವಳು ಮಾಡುವುದೇನು? ತಡೆದುಕೊಳ್ಳುತ್ತಾಳೆ. ಅಡುಗೆಮನೆಯಲ್ಲಿ ರೇಷ್ಮೆ ಸೀರೆ ಉಟ್ಟು ನಿಂತಿರುತ್ತಾಳೆ, ಅಲ್ಲಿ ಪಿತೂರಿ ನಡೆಯುತ್ತದೆ, ಅಡುಗೆ ಮಾತ್ರ ನಡೆಯುವುದಿಲ್ಲ. ಮುದ್ದೆ ತಿರುವುವ ಕೈ ನೋವನ್ನು ಯಾವ ಧಾರಾವಾಹಿ ತೋರಿಸಿದೆ ಹೇಳಿ?

ಈ ಅಡುಗೆಮನೆ ಮಾತು ಬಂದಾಗ ನನಗೆ ಒಂದು ವಿದೇಶಿ ಪಟ್ಟಿ ನೆನಪಾಗುತ್ತದೆ. ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ ಜಗತ್ತಿನ ಶ್ರೇಷ್ಠ ಸಿನಿಮಾ ಯಾವುದು ಅಂತ ಪಟ್ಟಿ ಮಾಡುತ್ತದೆ. ಮೊದಲ ಸಲ 'ಬೈಸಿಕಲ್ ಥೀವ್ಸ್' ಗೆದ್ದಿತು. 1962ರಿಂದ 2002ರವರೆಗೆ ಪ್ರತಿ ಸಲವೂ 'ಸಿಟಿಜನ್ ಕೇನ್'. 2012ರಲ್ಲಿ 'ವರ್ಟಿಗೊ'. 2022ರಲ್ಲಿ ಮತ ಹಾಕಿದವರು 1,600ಕ್ಕಿಂತ ಹೆಚ್ಚಾದರು, ಬೇರೆ ಬೇರೆ ದೇಶದವರು, ಹೆಂಗಸರು, ಚಿಕ್ಕ ವಯಸ್ಸಿನವರು ಸೇರಿದರು. ಆಗ ಮೇಲೆ ಬಂದದ್ದು ಶಾಂತಾಲ್ ಅಕರ್‌ಮನ್ ಅನ್ನುವ ಬೆಲ್ಜಿಯಂನ ನಿರ್ದೇಶಕಿ 1975ರಲ್ಲಿ ಮಾಡಿದ ಸಿನಿಮಾ, 'ಜ್ಯಾನ್ ದೀಲ್ಮಾನ್'. ಮೂರು ಗಂಟೆಗೂ ಹೆಚ್ಚು. ಒಬ್ಬ ಗೃಹಿಣಿಯ ಮೂರು ದಿನ. ಅವಳು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾಳೆ, ಹಾಸಿಗೆ ಮಡಚುತ್ತಾಳೆ, ಪಾತ್ರೆ ತೊಳೆಯುತ್ತಾಳೆ. ನಾವು ಕಣ್ಣು ಬಿಟ್ಟು ನೋಡಬೇಕು.

ಇದು ಓವರ್‌ರೇಟೆಡ್ ಅಂತ ತುಂಬಾ ಜನ ಬೈದರು. ಬೈಯಲಿ. ನನಗೆ ಮುಖ್ಯವಾದ ವಿಷಯ ಬೇರೆ. ಸಿನಿಮಾ ಅದೇ ಇತ್ತು, 47 ವರ್ಷದಿಂದ ಇತ್ತು. ಮತ ಹಾಕುವ ಜನ ಬದಲಾದ ಕೂಡಲೇ ಪಟ್ಟಿ ಬದಲಾಯಿತು. ಹಾಗಾದರೆ ಅಷ್ಟು ವರ್ಷ 'ಸಿಟಿಜನ್ ಕೇನ್' ಮೇಲಿದ್ದದ್ದು ಸಿನಿಮಾದ ಬಲವೋ, ಮತ ಹಾಕಿದವರ ಅಭ್ಯಾಸವೋ? ಎರಡೂ ಇರಬಹುದು. ಅದು ದೊಡ್ಡ ಸಿನಿಮಾ, ಅನುಮಾನವಿಲ್ಲ. ಆದರೆ ಆ ಒಂದು ಹೆಸರನ್ನು ಬಾಯಿಪಾಠ ಮಾಡಿಕೊಂಡವರಿಗೆ ಬೇರೆಯದನ್ನು ಹುಡುಕುವ ಹಸಿವೇ ಹೋಗಿತ್ತು.

ಮೊಬೈಲ್‌ನಲ್ಲಿ ಇಂಗ್ಲಿಷ್ ಸೀರೀಸ್ ನೋಡುವ ಹುಡುಗರು ಇಲ್ಲಿ ತುಂಬಾ ಇದ್ದೀರಿ. ನಿಮಗೆ 'ಗೇಮ್ ಆಫ್ ಥ್ರೋನ್ಸ್' ಬಗ್ಗೆ ಒಂದು ಮಾತು. 2011ರಿಂದ 2019ರವರೆಗೆ 73 ಕಂತು ಬಂತು. ಮೊದಲು ಇದಕ್ಕಿಂತ ದೊಡ್ಡದಿಲ್ಲ ಅಂದರು. ಕೊನೆಯ ಸೀಸನ್ನಿನ ಆರು ಕಂತು ಮುಗಿದ ಮೇಲೆ ಇದರಷ್ಟು ಮೋಸ ಇನ್ನೊಂದಿಲ್ಲ ಅಂದರು. ಮತ್ತೆ ಬರೆದು ತೆಗೆಯಿರಿ ಅಂತ ಹತ್ತು ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ನಡುವೆ ಏನಾಯಿತು? ಸೀರೀಸಿಗೆ ಮೂಲ ಜಾರ್ಜ್ ಆರ್.ಆರ್. ಮಾರ್ಟಿನ್ ಅವರ ಕಾದಂಬರಿ ಸರಣಿ. ಅದರ ಐದನೇ ಪುಸ್ತಕ 2011ರಲ್ಲಿ ಬಂದಿತ್ತು, ಆರನೆಯದು ಬರಲೇ ಇಲ್ಲ. ಸೀರೀಸು ಪುಸ್ತಕವನ್ನು ದಾಟಿ ಮುಂದೆ ಹೋಯಿತು. ಮೊದಲಿನ ಸೀಸನ್ನುಗಳಲ್ಲಿ ಒಂದು ಸಾವಿನ ಹಿಂದೆ ನೂರು ಪುಟದ ಕಾರಣ ಇತ್ತು. ಕೊನೆಗೆ ಕಾರಣ ಹೋಗಿ ಸಾವು ಮಾತ್ರ ಉಳಿಯಿತು. ಆ ಹೊಗಳಿಕೆ ಸೀರೀಸಿಗೆ ಸಿಕ್ಕಿದ್ದಾದರೂ ಅದರಲ್ಲಿ ಬರೆದವನ ಪಾಲು ದೊಡ್ಡದಿತ್ತು. ಬರವಣಿಗೆಯನ್ನು ಮರೆತು ಡ್ರ್ಯಾಗನ್ ಹೊಗಳಿದವರಿಗೆ, ಬರವಣಿಗೆ ನಿಂತಾಗ ಏನು ಹೋಯಿತು ಅಂತಲೇ ತಿಳಿಯಲಿಲ್ಲ. ಕನ್ನಡದಲ್ಲೂ ಚಿತ್ರಕಥೆ ಬರೆದವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಪ್ರಶಸ್ತಿ ಸಿನಿಮಾಗಳನ್ನು ಬಿಟ್ಟೆ ಅನ್ನಬೇಡಿ. 'ತಿಥಿ' ನನಗೆ ತುಂಬಾ ಇಷ್ಟ. ರಾಮ್ ರೆಡ್ಡಿ ಮಂಡ್ಯದ ಹಳ್ಳಿಯಲ್ಲಿ ಅಲ್ಲಿನ ಜನರನ್ನೇ ಇಟ್ಟುಕೊಂಡು ತೆಗೆದದ್ದು. 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಎಲ್ಲರೂ ಎಷ್ಟು ಸಹಜ, ನಟನೆಯೇ ಅಲ್ಲ ಅಂತ ಹೊಗಳಿದರು. ಆ ಮಾತು ಅದರ ಕಟ್ಟಡವನ್ನು ಮುಚ್ಚಿತು. ಮುದುಕ ಸತ್ತ ದಿನದಿಂದ ಹನ್ನೊಂದನೇ ದಿನದ ತಿಥಿಯವರೆಗೆ ಮೂರು ತಲೆಮಾರಿನ ಮೂವರು ಮೂರು ದಾರಿ ಹಿಡಿದು, ಕೊನೆಗೆ ಅದೇ ಊಟಕ್ಕೆ ಬಂದು ಸೇರುತ್ತಾರೆ. ಅದು ತಾನಾಗಿ ಆಗುವುದಿಲ್ಲ. ಕೂತು ಲೆಕ್ಕ ಹಾಕಿ ಬರೆದಿದ್ದಾರೆ. ಹಳ್ಳಿಯವರು ತೆರೆಯ ಮೇಲೆ ಬಂದ ಕೂಡಲೇ ಸಹಜ ಅಂತ ಹೇಳಿ ಕೈ ತೊಳೆದುಕೊಂಡರೆ, ಅವರು ಕಷ್ಟಪಟ್ಟು ಮಾಡಿದ ನಟನೆಗೆ ಮರ್ಯಾದೆ ಕೊಟ್ಟಂತಾಗುವುದಿಲ್ಲ.

ನನ್ನ ಮಾತು ಇಷ್ಟೇ. ಈಗ ನೀವು ಕೇಳಿ.

(ಪ್ರಶ್ನೋತ್ತರದಿಂದ)

ಕೆಜಿಎಫ್‌ನಿಂದ ಬಂದಿದ್ದ ಹಿರಿಯರೊಬ್ಬರು ಎದ್ದು ನಿಂತರು. "ಮೇಷ್ಟ್ರೇ, ನೀವು ಹೇಳಿದ್ದು ನಿಜ. ನಮ್ಮ ತಂದೆ ಗಣಿಯೊಳಗೆ ಕೆಲಸ ಮಾಡಿದವರು. ಆದರೆ ಒಂದು ಮಾತು. ಮುಂಚೆ ನಮ್ಮ ಊರಿನ ಹೆಸರು ಹೇಳಿದರೆ ಬೆಂಗಳೂರಲ್ಲೇ ಜನಕ್ಕೆ ಗೊತ್ತಾಗುತ್ತಿರಲಿಲ್ಲ. ಈಗ ನನ್ನ ಮೊಮ್ಮಗ ಎಲ್ಲಿ ಹೋದರೂ ಎದೆ ಎತ್ತಿ ಹೇಳ್ತಾನೆ. ಅದನ್ನು ಯಾವ ಲೆಕ್ಕಕ್ಕೆ ಹಾಕ್ತೀರಿ?"

ಅಣ್ಣಾ, ಅದನ್ನು ಲಾಭದ ಲೆಕ್ಕಕ್ಕೇ ಹಾಕಬೇಕು. ಸಿನಿಮಾ ಬಾಗಿಲು ತೆರೆಯಿತು, ಜನ ನಿಮ್ಮ ಊರಿನ ಕಡೆ ತಿರುಗಿದರು. ತಿರುಗಿದವರಿಗೆ ನಿಮ್ಮ ತಂದೆಯವರ ಕಥೆ ಸಿಗಬೇಕಿತ್ತು, ಸಿಗಲಿಲ್ಲ. ಅದನ್ನು ಸಿನಿಮಾದವರೇ ಹೇಳಬೇಕು ಅಂತ ಕೂರುವುದು ಬೇಡ. ನಿಮ್ಮ ಮೊಮ್ಮಗನ ಹತ್ತಿರ ಫೋನ್ ಇದೆ. ಗಣಿಯ ಕೆಲಸ ಹೇಗಿತ್ತು, ಗಣಿಯ ಲಿಫ್ಟು, ಆ ಕೇಜಿನಲ್ಲಿ ಇಳಿಯುವಾಗ ಏನನ್ನಿಸುತ್ತಿತ್ತು ಅಂತ ತಂದೆಯವರು ಹೇಳಿದ್ದು ನಿಮಗೆ ನೆನಪಿರುವಷ್ಟನ್ನು ನಿಮ್ಮದೇ ತಮಿಳಿನಲ್ಲಿ, ಕನ್ನಡದಲ್ಲಿ ಹೇಳಿ ರೆಕಾರ್ಡ್ ಮಾಡಿಸಿ. ಇಲ್ಲಿರುವ ವಿದ್ಯಾರ್ಥಿಗಳು ಬರೆದುಕೊಡುತ್ತಾರೆ. ಈ ಮಾತನ್ನು ಸುಮ್ನೆ ಹೇಳುತ್ತಿಲ್ಲ, ಸಭೆ ಮುಗಿದ ಮೇಲೆ ನನ್ನನ್ನು ಸಿಗಿ.

ಮುಳಬಾಗಿಲಿನ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. "ಸರ್, ಜಾಸ್ತಿ ಹೊಗಳಿಸಿಕೊಂಡದ್ದರ ಬಗ್ಗೆ ಇಷ್ಟೆಲ್ಲ ಹೇಳಿದ್ರಿ. ಕಡಿಮೆ ಹೊಗಳಿಸಿಕೊಂಡದ್ದು ಒಂದು ಹೇಳಿ. ಒಂದೇ ಒಂದು."

ಒಂದೇ ಅಂದರೆ 'ಗುಲಾಬಿ ಟಾಕೀಸ್', ನೋಡಮ್ಮಾ. 2008ರದ್ದು. ವೈದೇಹಿಯವರ ಕಥೆಯಿಂದ ಗಿರೀಶ್ ಕಾಸರವಳ್ಳಿ ಮಾಡಿದ ಸಿನಿಮಾ. ಕರಾವಳಿಯ ಮೀನುಗಾರರ ಹಳ್ಳಿಯಲ್ಲಿ ಗುಲಾಬಿ ಅನ್ನುವ ಸೂಲಗಿತ್ತಿ ಇದ್ದಾಳೆ. ಸಿನಿಮಾ ಅಂದರೆ ಅವಳಿಗೆ ಪ್ರಾಣ. ಒಂದು ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಕಲರ್ ಟಿವಿ, ಡಿಶ್ಶು ಸಿಗುತ್ತದೆ. ಅವಳನ್ನು ದೂರ ಇಟ್ಟಿದ್ದ ಊರಿನ ಹೆಂಗಸರು ಟಿವಿ ನೋಡಲು ಅವಳ ಮನೆಗೆ ಬರುತ್ತಾರೆ. ಆಮೇಲೆ ಕಾರ್ಗಿಲ್ ಯುದ್ಧದ ಸುದ್ದಿ ಅದೇ ಟಿವಿಯಲ್ಲಿ ಬರುತ್ತದೆ, ಮೀನಿನ ವ್ಯಾಪಾರದ ಪೈಪೋಟಿಗೆ ಧರ್ಮದ ಬಣ್ಣ ಬರುತ್ತದೆ, ಗುಲಾಬಿ ಮುಸ್ಲಿಂ ಅನ್ನುವುದು ಊರಿಗೆ ಇದ್ದಕ್ಕಿದ್ದಂತೆ ನೆನಪಾಗುತ್ತದೆ. ಟಿವಿ ಜನರನ್ನು ಹೇಗೆ ಸೇರಿಸುತ್ತದೆ, ಹೇಗೆ ಒಡೆಯುತ್ತದೆ ಅಂತ ಇಷ್ಟು ಚೆನ್ನಾಗಿ ಹೇಳಿದ ಸಿನಿಮಾ ಕನ್ನಡದಲ್ಲಿ ಇನ್ನೊಂದು ನನಗೆ ಗೊತ್ತಿಲ್ಲ.

ಗುಲಾಬಿ ಪಾತ್ರ ಮಾಡಿದ್ದು ಉಮಾಶ್ರೀ. ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ ಹುಟ್ಟಿದವರು. ಈ ಪಾತ್ರಕ್ಕೆ ಅವರಿಗೆ ಅತ್ಯುತ್ತಮ ನಟಿ ಅಂತ ರಾಷ್ಟ್ರಪ್ರಶಸ್ತಿ ಬಂತು. ನಮ್ಮ ಮನೆಗಳಲ್ಲಿ ಅವರು ಎಲ್ಲರಿಗೂ ಗೊತ್ತು, 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯ ಪುಟ್ಟಕ್ಕ ಅಂತ, ಹಳೆಯ ಸಿನಿಮಾಗಳಲ್ಲಿ ನಗಿಸಿದವರು ಅಂತ. ಗುಲಾಬಿಯನ್ನು ನೋಡಿದವರು ಕಡಿಮೆ. ಇಲ್ಲಿ ಕೂತಿರುವವರಲ್ಲಿ ನೋಡಿದವರು ಕೈ ಎತ್ತಿ ನೋಡೋಣ.

(ಮೂರ್ನಾಲ್ಕು ಕೈ ಎದ್ದವು.)

ಹಾಗಾದರೆ ಮುಂದಿನ ಸಲ ಉಪನ್ಯಾಸ ಬೇಡ. ಇದೇ ಹಾಲ್‌ನಲ್ಲಿ ಆ ಸಿನಿಮಾ ಹಾಕೋಣ. ಮನೆಯಲ್ಲಿ ಸಂಜೆ ಧಾರಾವಾಹಿ ನೋಡುವ ಅಮ್ಮ, ಅಜ್ಜಿ, ಅತ್ತೆಯನ್ನೂ ಕರೆದುಕೊಂಡು ಬನ್ನಿ. ಆಮೇಲೆ ಚರ್ಚೆಯಲ್ಲಿ ಮೊದಲ ಮಾತು ಅವರದೇ ಆಗಿರಲಿ.